ನೋಟಕ್ಕೆ ಸೈಕಲ್, ಓಟಕ್ಕೆ ಬೇರೆ: ಇ-ಸೈಕಲ್ ಹತ್ತುವವರಿಗೆ ಒಬ್ಬ ಮೇಷ್ಟರ ಮಾತು

ವಿದ್ಯುತ್ ಸೈಕಲ್ ಕೊಂಡ ಎರಡನೆಯ ವಾರದಲ್ಲಿ ನಾನು ಒಬ್ಬ ಅಜ್ಜಿಯನ್ನು ಕೆಡವುವುದು ಸ್ವಲ್ಪದರಲ್ಲಿ ತಪ್ಪಿತು. ತಿರುವಿನಲ್ಲಿ ರಸ್ತೆ ದಾಟಲು ನಿಂತಿದ್ದ ಅವರು ಅವಸರವನ್ನೇನೂ ಮಾಡಲಿಲ್ಲ. ಎರಡೂ ಕಡೆ ನೋಡಿದರು, ನನ್ನನ್ನೂ ನೋಡಿದರು. ನರೆತ ತಲೆ, ನೆಟ್ಟಗೆ ಕುಳಿತ ಮೈ, ಆರಾಮವಾಗಿ ಸುತ್ತುತ್ತಿರುವ ಕಾಲು, ಇಪ್ಪತ್ತು ಮೀಟರ್ ದೂರ. ಲೆಕ್ಕ ಹಾಕಿಯೇ ಹೆಜ್ಜೆ ಇಟ್ಟರು. ಮಾಮೂಲಿ ಸೈಕಲ್ ಸವಾರ ಗಂಟೆಗೆ 14 ಕಿಲೋಮೀಟರ್ ವೇಗದಲ್ಲಿ ಆ ದೂರ ಕ್ರಮಿಸಲು ಐದು ಸೆಕೆಂಡ್ ಬೇಕು. ಅಷ್ಟರಲ್ಲಿ ಅವರು ಆಚೆ ಬದಿ ಸೇರಿರುತ್ತಿದ್ದರು. ನಾನು 25ರಲ್ಲಿದ್ದೆ. ನನಗೆ ಮೂರು ಸೆಕೆಂಡೂ ಬೇಕಾಗಿರಲಿಲ್ಲ. ಎರಡೂ ಬ್ರೇಕ್ ಒತ್ತಿ ಹಿಡಿದು, ಹಿಂದಿನ ಚಕ್ರ ಜಾರಿ, ಅವರಿಂದ ಒಂದು ಮೊಳ ದೂರದಲ್ಲಿ ಹೇಗೋ ನಿಂತೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಹೇಳಿದ್ದು ಇಷ್ಟೇ: "ಸೈಕಲ್ ಎಂದುಕೊಂಡಿದ್ದೆನಲ್ಲ!"

ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿದ ನನಗೆ ವೇಗದ ಪಾಠವನ್ನು ಇಷ್ಟು ಚುಟುಕಾಗಿ ಯಾರೂ ಹೇಳಿರಲಿಲ್ಲ.

ಅದಾಗಿ ಆರು ವರ್ಷ. ಮೊಣಕಾಲು ನೋವಿಗೆಂದು ಶುರುವಾದದ್ದು ಈಗ ದಿನದ ಓಡಾಟವೇ ಆಗಿದೆ. ಇದು ನನ್ನ ಎರಡನೆಯ ಸೈಕಲ್. ಎರಡು ಸಲ ಬಿದ್ದಿದ್ದೇನೆ, ಎರಡೂ ಸಲ ತಪ್ಪು ನನ್ನದೇ. ಸುತ್ತಮುತ್ತ ಯಾರು ಇ-ಸೈಕಲ್ ಕೊಂಡರೂ ಒಮ್ಮೆ ನನ್ನ ಬಳಿ ಬರುತ್ತಾರೆ, ನಾನೂ ಒಂದು ಗಂಟೆ ಹಿಡಿದು ಕೂರಿಸುತ್ತೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಎಲ್ಲಿಂದ ಹೊರಟರೂ ಮಾತು ಆ ಅಜ್ಜಿಯ ಬಳಿಗೇ ಬಂದು ನಿಲ್ಲುತ್ತದೆ: ನೋಡುವವರು ನಿಮ್ಮನ್ನು ಸೈಕಲ್ ಎಂದುಕೊಂಡಿದ್ದಾರೆ.

ಕಾನೂನಿನ ಕಣ್ಣಿಗೆ ಯಾವುದು ಸೈಕಲ್?

ದೇಶಕ್ಕೊಂದು ನಿಯಮ ಇದ್ದರೂ ಎಲ್ಲರೂ ಕೇಳುವ ಪ್ರಶ್ನೆಗಳು ಮೂರೇ. ಮೋಟಾರಿಗೆ ಎಷ್ಟು ಶಕ್ತಿ? ಯಾವ ವೇಗದಲ್ಲಿ ಅದು ಕೈ ಬಿಡುತ್ತದೆ? ಪೆಡಲ್ ತುಳಿಯದೆಯೂ ಓಡುತ್ತದೆಯೇ?

ಐರೋಪ್ಯ ಒಕ್ಕೂಟದಲ್ಲಿ ಮೋಟಾರಿನ ಸತತ ಶಕ್ತಿ 250 ವ್ಯಾಟ್ ಮೀರಬಾರದು, ತುಳಿದಾಗ ಮಾತ್ರ ನೆರವು ಸಿಗಬೇಕು, 25 ಕಿಲೋಮೀಟರ್ ವೇಗ ತಲುಪುತ್ತಿದ್ದಂತೆ ನೆರವು ನಿಲ್ಲಬೇಕು. ಬ್ರಿಟನ್ನಿನಲ್ಲೂ ಇವೇ ಅಂಕಿಗಳು, ಜೊತೆಗೆ ಸವಾರನಿಗೆ 14 ವರ್ಷ ತುಂಬಿರಬೇಕು. ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಎರಡನೆಯ ನಿಯಮವೇ ಇದನ್ನು ಹೇಳುತ್ತದೆ: ಪೆಡಲ್ ನೆರವಿನ ಸೈಕಲ್ಲಿನ ಮೋಟಾರು ಮೂವತ್ತು ನಿಮಿಷ ಸತತವಾಗಿ ಕೊಡುವ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇರಬೇಕು, 25 ಕಿಲೋಮೀಟರ್ ಸಮೀಪಿಸಿದಂತೆ ನೆರವು ಇಳಿಯುತ್ತ ನಿಲ್ಲಬೇಕು, ತುಳಿಯುವುದು ನಿಂತರೆ ಮೊದಲೇ ನಿಲ್ಲಬೇಕು, ಸರಿಯಾದ ಬ್ರೇಕ್ ಇರಬೇಕು, ಮುಂದೆ ಬಿಳಿ ಮತ್ತು ಹಿಂದೆ ಕೆಂಪು ಪ್ರತಿಫಲಕ ಇರಬೇಕು. ಅಮೆರಿಕದಲ್ಲಿ ಮಿತಿ ಸಡಿಲ. ಅಲ್ಲಿನ 2002ರ ಕೇಂದ್ರ ಕಾನೂನು 750 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಬರೀ ಮೋಟಾರಿನಿಂದ ಗಂಟೆಗೆ 20 ಮೈಲಿಯೊಳಗೆ ಓಡುವ ಯಂತ್ರವನ್ನು ಸೈಕಲ್ ಎನ್ನುತ್ತದೆ. ಎಲ್ಲಿ ಓಡಿಸಬಹುದು ಎಂಬುದು ರಾಜ್ಯಗಳಿಗೆ ಬಿಟ್ಟದ್ದು. ಹಲವು ರಾಜ್ಯಗಳು ಮೂರು ವರ್ಗ ಮಾಡಿಕೊಂಡಿವೆ: 20 ಮೈಲಿವರೆಗೆ ಪೆಡಲ್ ನೆರವು, 20 ಮೈಲಿವರೆಗೆ ಥ್ರಾಟಲ್ (ತುಳಿಯದೆಯೇ ಮೋಟಾರು ಓಡಿಸುವ ಹಿಡಿ), 28 ಮೈಲಿವರೆಗೆ ಪೆಡಲ್ ನೆರವು. ನನಗೆ ಅತ್ಯಂತ ಜಾಣತನದ್ದು ಎನಿಸುವುದು ಜಪಾನಿನ ನಿಯಮ. ನಿಮ್ಮ ಕಾಲು ಕೊಡುವ ಬಲದ ಎರಡು ಪಟ್ಟಿನವರೆಗೆ ಮೋಟಾರು ಸೇರಿಸಬಹುದು, ಅದೂ 10 ಕಿಲೋಮೀಟರ್ ವೇಗದವರೆಗೆ ಮಾತ್ರ. ಅಲ್ಲಿಂದ ನೆರವು ಮೆಲ್ಲಗೆ ಕರಗಿ 24ಕ್ಕೆ ಸೊನ್ನೆಯಾಗಬೇಕು. ಏರುವಾಗ, ಹೊರಡುವಾಗ ಕೈ ಹಿಡಿಯುವ ಯಂತ್ರ, ಓಟಕ್ಕೆ ಇಳಿದಾಗ ಬಿಟ್ಟುಬಿಡುತ್ತದೆ.

ಈ ಗೆರೆಯ ಒಳಗಿದ್ದರೆ ಸಾಮಾನ್ಯವಾಗಿ ಲೈಸೆನ್ಸ್, ನೋಂದಣಿ, ನಂಬರ್ ಪ್ಲೇಟ್ ಯಾವುದೂ ಬೇಡ. ಗೆರೆ ದಾಟಿದರೆ ಅದು ಮೋಟಾರು ವಾಹನ, ಎಲ್ಲವೂ ಬೇಕು. ಯುರೋಪಿನಲ್ಲಿ 45 ಕಿಲೋಮೀಟರ್‌ವರೆಗೆ ನೆರವು ಕೊಡುವ ಸೈಕಲ್‌ಗಳಿವೆ. ನೋಡಲು ನನ್ನದರಂತೆಯೇ ಇವೆ. ಆದರೆ ಅವಕ್ಕೆ ಪ್ಲೇಟ್ ಉಂಟು, ವಿಮೆ ಉಂಟು. ಅಜ್ಜಿಗೆ ಗುರುತು ಸಿಗಲಿ ಎಂದು ಹಾಕಿದ ಪ್ಲೇಟ್ ಎಂದೇ ನಾನು ತಿಳಿದಿದ್ದೇನೆ.

ಒಂದು ಗೊಂದಲ ಎಲ್ಲರಿಗೂ ಬರುತ್ತದೆ. 25ರ ಮಿತಿ ಇರುವುದು ಮೋಟಾರಿಗೆ. ಇಳಿಜಾರಿನಲ್ಲಿ ಸೈಕಲ್ 40ಕ್ಕೆ ಹೋದರೆ ಯಂತ್ರ ಕೆಟ್ಟಿದೆ ಎಂದಲ್ಲ, ನೀವು ಯಂತ್ರದ ನಿಯಮವನ್ನು ಮುರಿದಿರಿ ಎಂದೂ ಅಲ್ಲ. ಆ ಹೊತ್ತಿನಲ್ಲಿ ಓಡಿಸುತ್ತಿರುವುದು ಗುರುತ್ವ. ರಸ್ತೆಯ ವೇಗಮಿತಿ ಇರುವಲ್ಲಿ ಅದು ಬೇರೆಯೇ ವಿಚಾರ.

ನಿಮ್ಮ ಸೈಕಲ್ ಗೆರೆಯೊಳಗಿದೆಯೇ, ನೀವೇ ನೋಡಿ

ಮಾರುವವರ ಬಾಯಿಮಾತು ಸಾಲದು. ಮೋಟಾರಿನ ಮೇಲೆ ಅಥವಾ ಚೌಕಟ್ಟಿನ ಕೆಳಭಾಗದಲ್ಲಿ ಒಂದು ಪಟ್ಟಿ ಇರುತ್ತದೆ, ಕನ್ನಡಕ ಹಾಕಿಕೊಂಡು ಓದಿ. ಅಲ್ಲಿ ಕಾಣಬೇಕಾದದ್ದು ಸತತ ಶಕ್ತಿ. ಗರಿಷ್ಠ ಶಕ್ತಿ ಬೇರೆ. ನನ್ನ ಬ್ಯಾಟರಿ 36 ವೋಲ್ಟ್, ಮೋಟಾರಿಗೆ ಎಷ್ಟು ವಿದ್ಯುತ್ ಹೋಗಬೇಕೆಂದು ನಿಯಂತ್ರಿಸುವ ಕಂಟ್ರೋಲರ್ 15 ಆಂಪಿಯರ್‌ವರೆಗೆ ಬಿಡುತ್ತದೆ. ಗುಣಿಸಿದರೆ 540 ವ್ಯಾಟ್. ಏರಿನಲ್ಲಿ ಒಂದೆರಡು ನಿಮಿಷ ಅಷ್ಟು ಹೀರಿಕೊಂಡರೂ ಮೋಟಾರು 250 ವ್ಯಾಟ್‌ನದೇ, ಯಾಕೆಂದರೆ ಹೊತ್ತುಗಟ್ಟಲೆ ಬಿಸಿಯಾಗದೆ ಕೊಡಬಲ್ಲದ್ದು ಅಷ್ಟೇ. ಆದರೆ ಜಾಹೀರಾತಿನಲ್ಲಿ ಸಾವಿರ ವ್ಯಾಟ್, ಪಟ್ಟಿಯಲ್ಲಿ 250 ಎಂದಿದ್ದರೆ ಅನುಮಾನಪಡಿ. ಪಟ್ಟಿಯೇ ಇಲ್ಲದಿದ್ದರೆ ಕೊಳ್ಳಬೇಡಿ.

ಆಮೇಲೆ ವೇಗ. ಗಾಳಿಯಿಲ್ಲದ ಹೊತ್ತಿನಲ್ಲಿ, ಸಮತಟ್ಟಾದ ಖಾಲಿ ರಸ್ತೆಯಲ್ಲಿ, ಮೊಬೈಲ್‌ನ ಜಿಪಿಎಸ್ ವೇಗಮಾಪಕವನ್ನು ಹ್ಯಾಂಡಲ್‌ಗೆ ಸಿಕ್ಕಿಸಿ ತುಳಿಯುತ್ತ ಹೋಗಿ. ಒಂದು ಹಂತದಲ್ಲಿ ಬೆನ್ನ ಹಿಂದಿನ ಕೈ ತೆಗೆದಂತೆ ಅನಿಸುತ್ತದೆ. ಆಗಿನ ವೇಗ ನೋಡಿ. ತಿರುಗಿ ಬರುವಾಗಲೂ ನೋಡಿ, ಎರಡರ ಸರಾಸರಿ ತೆಗೆಯಿರಿ. ನನ್ನ ಮೊದಲ ಸೈಕಲ್‌ನ ಪರದೆ 25 ಎಂದಾಗ ಜಿಪಿಎಸ್ 27 ಎನ್ನುತ್ತಿತ್ತು. ತಲೆ ಕೆಡಿಸಿಕೊಂಡು ಮೂರು ದಿನ ಹುಡುಕಿದೆ. ಚಕ್ರ 28 ಇಂಚಿನದು, ಜೋಡಿಸಿದವರು ಪರದೆಯ ಸೆಟ್ಟಿಂಗ್‌ನಲ್ಲಿ 26 ಎಂದು ತುಂಬಿದ್ದರು. ಯಂತ್ರ ಪಾಪ ಚಿಕ್ಕ ಚಕ್ರದ ಲೆಕ್ಕದಲ್ಲಿ ಎಣಿಸುತ್ತಿತ್ತು. ಒಂದು ಅಂಕಿ ತಿದ್ದಿದೆ, ಕಾನೂನಿನ ಒಳಗೆ ಬಂದೆ.

ಇದೇ ಅಂಕಿಯನ್ನು ಬೇಕೆಂದೇ ತಪ್ಪಾಗಿ ತುಂಬುವವರೂ, ಮಿತಿ ತೆಗೆಯುವ ಚಿಕ್ಕ ಪೆಟ್ಟಿಗೆ ತರಿಸಿ ಸಿಕ್ಕಿಸುವವರೂ ಇದ್ದಾರೆ. ನನ್ನ ಬಳಿ ಬರುವ ಹುಡುಗರಲ್ಲಿ ಮೂವರಿಗೆ ಒಬ್ಬನಾದರೂ ಗುಟ್ಟಾಗಿ ಇದನ್ನೇ ಕೇಳುತ್ತಾನೆ. ನಾನು ಬೈಯುವುದಿಲ್ಲ, ಲೆಕ್ಕ ತೋರಿಸುತ್ತೇನೆ. ಮಿತಿ ತೆಗೆದ ಕ್ಷಣದಿಂದ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಪೊಲೀಸರು ಹಿಡಿಯದೇ ಇರಬಹುದು. ಆದರೆ ಯಾರಿಗಾದರೂ ಗುದ್ದಿದ ದಿನ ಯಂತ್ರ ಬಿಚ್ಚಿ ನೋಡುತ್ತಾರೆ, ಆಗ ಆಸ್ಪತ್ರೆಯ ಲೆಕ್ಕ ಇಡಿಯಾಗಿ ನಿಮ್ಮ ತಲೆಗೆ ಬರುತ್ತದೆ. ಜರ್ಮನಿಯಲ್ಲಿ ವಿಮೆಯಿಲ್ಲದೆ ಹಾಗೆ ಓಡಿಸುವುದು ದಂಡ ಕಟ್ಟಿ ಮುಗಿಯುವ ತಪ್ಪಲ್ಲ, ಅಪರಾಧ. ಇನ್ನು ಚೌಕಟ್ಟು, ಬ್ರೇಕ್, ಚಕ್ರದ ಕಡ್ಡಿಗಳನ್ನು 25ಕ್ಕೆ ಲೆಕ್ಕ ಹಾಕಿ ಮಾಡಿದ್ದಾರೆ ಎಂಬುದನ್ನು ಯಾವ ಹುಡುಗನೂ ಯೋಚಿಸಿರುವುದಿಲ್ಲ.

ಯಾವ ದಾರಿ ನಿಮ್ಮದು

ದೇಶದ ಕಾನೂನು ಸೈಕಲ್ ಎಂದರೂ ಮುಗಿಯಲಿಲ್ಲ. ಅದರ ಕೆಳಗೆ ರಾಜ್ಯ ಅಥವಾ ನಗರದ ನಿಯಮ ಇರುತ್ತದೆ, ಅದರ ಕೆಳಗೆ ಆ ದಾರಿಯ ಒಡೆಯರ ನಿಯಮ: ಉದ್ಯಾನ, ಕಾಲೇಜು ಆವರಣ, ವಸತಿ ಸಮುಚ್ಚಯ, ಅರಣ್ಯ ಇಲಾಖೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2020ರ ನಿಯಮದಂತೆ ಆಯಾ ಉದ್ಯಾನದ ಮೇಲ್ವಿಚಾರಕರೇ ಇ-ಸೈಕಲ್‌ಗೆ ಯಾವ ದಾರಿ ತೆರೆಯಬೇಕೆಂದು ನಿರ್ಧರಿಸುತ್ತಾರೆ. ಅಂದರೆ ಒಂದೇ ಸೈಕಲ್ ಒಂದು ಉದ್ಯಾನದಲ್ಲಿ ಸಲ್ಲುತ್ತದೆ, ಇನ್ನೊಂದರಲ್ಲಿ ಸಲ್ಲದು.

ನನಗೂ ಇದೇ ಆಯಿತು. ನಾನು ಹೋಗುವ ನೀರಿನಂಚಿನ ದಾರಿಯಲ್ಲಿ "ಮೋಟಾರು ವಾಹನ ನಿಷೇಧ" ಎಂಬ ಫಲಕವಿದೆ. ಬೆಳಗಿನ ಕಾವಲುಗಾರ ಬಿಡುತ್ತಿದ್ದ, ಸಂಜೆಯವನು ತಡೆಯುತ್ತಿದ್ದ. ವಾದ ಮಾಡಿ ಪ್ರಯೋಜನವಿಲ್ಲ, ಇಬ್ಬರೂ ಅವರವರ ದೃಷ್ಟಿಯಲ್ಲಿ ಸರಿ. ದಾರಿ ನೋಡಿಕೊಳ್ಳುವ ಕಚೇರಿಗೆ ಅರ್ಧ ಪುಟದ ಕಾಗದ ಬರೆದೆ: ಮೋಟಾರಿನ ಶಕ್ತಿ ಇಷ್ಟು, ನೆರವು ನಿಲ್ಲುವ ವೇಗ ಇಷ್ಟು, ಥ್ರಾಟಲ್ ಇಲ್ಲ, ಅನುಮತಿ ಉಂಟೇ? ಎರಡು ಸಾಲಿನ ಉತ್ತರ ಬಂತು, ಬೆಳಿಗ್ಗೆ ಎಂಟರ ನಂತರ ಬರಬಹುದು ಎಂದು. ಅದರ ಚಿತ್ರ ಮೊಬೈಲ್‌ನಲ್ಲಿದೆ. ಈಗ ಸಂಜೆಯ ಕಾವಲುಗಾರನೇ ಗಾಳಿ ಹಾಕುವ ಪಂಪ್ ಕೇಳಿ ಪಡೆಯುತ್ತಾನೆ. ನೀವೂ ಕೇಳುವುದಾದರೆ ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ.

ಕಾಲುದಾರಿಯ ಬಗ್ಗೆ ನನ್ನ ಮಾತು ಸಣ್ಣದು. ಸೈಕಲ್‌ಗೆ ಅನುಮತಿ ಎಂದು ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಇಳಿದು ತಳ್ಳಿ. ಅನೇಕ ಸೈಕಲ್‌ಗಳಲ್ಲಿ ನಡಿಗೆಯ ನೆರವು ಎಂಬ ಗುಂಡಿ ಇರುತ್ತದೆ. ಒತ್ತಿ ಹಿಡಿದರೆ ಗಂಟೆಗೆ ಹೆಚ್ಚೆಂದರೆ 6 ಕಿಲೋಮೀಟರ್ ವೇಗದಲ್ಲಿ ತಾನೇ ಉರುಳುತ್ತದೆ, ನೀವು ಪಕ್ಕದಲ್ಲಿ ನಡೆದರಾಯಿತು. ಇಪ್ಪತ್ತೈದು ಕಿಲೋ ಭಾರವನ್ನು ಏರಿನಲ್ಲಿ ತಳ್ಳುವಾಗ ಆ ಗುಂಡಿ ಕಂಡುಹಿಡಿದವರಿಗೆ ಕೈ ಮುಗಿಯಬೇಕೆನಿಸುತ್ತದೆ.

ಮೊದಲ ವಾರ: ಖಾಲಿ ಮೈದಾನ, ಒಂದು ಸೀಮೆಸುಣ್ಣ

ಚಿಕ್ಕಂದಿನಿಂದ ಸೈಕಲ್ ತುಳಿದವರಿಗೇ ಈ ವಾರ ಹೆಚ್ಚು ಬೇಕು. ಅವರ ಮೈಗೆ ಹಳೆಯ ಸೈಕಲ್‌ನ ತೂಕ, ಹಳೆಯ ವೇಗ ರೂಢಿಯಾಗಿರುತ್ತದೆ.

ಮೊದಲು ಹೊರಡುವುದು. ಇ-ಸೈಕಲ್‌ನಲ್ಲಿ ನೀವು ತುಳಿಯುತ್ತಿದ್ದೀರಿ ಎಂದು ತಿಳಿಯುವ ಸಂವೇದಕ ಎರಡು ಬಗೆ. ಒಂದು ಪೆಡಲ್ ಸುತ್ತುವುದನ್ನು ಮಾತ್ರ ಎಣಿಸುತ್ತದೆ. ಅದರಲ್ಲಿ ತುಳಿದು ಅರೆಕ್ಷಣವಾದ ಮೇಲೆ ಮೋಟಾರು ಏಕಾಏಕಿ ತಳ್ಳುತ್ತದೆ, ತುಳಿಯುವುದು ನಿಲ್ಲಿಸಿದ ಮೇಲೂ ಅರೆಕ್ಷಣ ತಳ್ಳುತ್ತಲೇ ಇರುತ್ತದೆ. ಕಿರಿದಾದ ತಿರುವಿನಲ್ಲಿ ಆ ಅರೆಕ್ಷಣ ನಿಮ್ಮನ್ನು ಗೋಡೆಗೆ ಒಯ್ಯಬಲ್ಲದು. ಇನ್ನೊಂದು ಬಗೆ ಕಾಲಿನ ಬಲವನ್ನೇ ಅಳೆಯುತ್ತದೆ. ಓಡಿಸಲು ಅದೇ ಸಹಜ. ಆದರೆ ನಿಂತಾಗ ಪೆಡಲ್ ಮೇಲೆ ಕಾಲಿನ ಭಾರ ಬಿಟ್ಟರೆ ತುಳಿದಿರಿ ಎಂದೇ ತಿಳಿಯುತ್ತದೆ. ನನ್ನ ಮೊದಲ ಬೀಳು ಅದೇ. ಸಿಗ್ನಲ್‌ನಲ್ಲಿ ಬಲಗಾಲನ್ನು ಪೆಡಲ್ ಮೇಲೆ ಒರಗಿಸಿ ಆಕಾಶ ನೋಡುತ್ತಿದ್ದೆ, ಸೈಕಲ್ ಮುಂದಿನ ಕಾರಿನ ಬಂಪರಿಗೆ ಹೋಗಿ ಮುತ್ತಿಟ್ಟಿತು. ನಿಂತಾಗ ಕಾಲು ನೆಲದ ಮೇಲೆ, ಬೆರಳು ಬ್ರೇಕ್ ಮೇಲೆ. ಬ್ರೇಕ್ ಹಿಡಿಯನ್ನು ತುಸು ಒತ್ತಿದರೆ ಮೋಟಾರು ಕಡಿತವಾಗುವ ಏರ್ಪಾಡು ಅನೇಕ ಸೈಕಲ್‌ಗಳಲ್ಲಿದೆ. ನಿಮ್ಮದರಲ್ಲಿದೆಯೇ, ಚಕ್ರ ಎತ್ತಿ ಹಿಡಿದು ಪರೀಕ್ಷಿಸಿ. ನೆರವನ್ನು ಮೊದಲ ವಾರ ಅತಿ ಕಡಿಮೆ ಮಟ್ಟದಲ್ಲೇ ಇಡಿ.

ಆಮೇಲೆ ನಿಲ್ಲುವುದು. ಒಣ ರಸ್ತೆ, ಒಳ್ಳೆಯ ಬ್ರೇಕ್, ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದಿಟ್ಟುಕೊಂಡು ನಾನು ಮಾಡಿದ ಲೆಕ್ಕ ಇದು. 14 ಕಿಲೋಮೀಟರ್ ವೇಗದಲ್ಲಿ ನಿಲ್ಲಲು ಬೇಕಾದದ್ದು ಸುಮಾರು 6 ಮೀಟರ್. 25ರಲ್ಲಿ 13. 32ರಲ್ಲಿ 19. 45ರಲ್ಲಿ 32. ವೇಗ ಎರಡು ಪಟ್ಟು ಆಗುವುದಕ್ಕೂ ಮೊದಲೇ ದೂರ ಎರಡು ಪಟ್ಟು ದಾಟಿಬಿಡುತ್ತದೆ, ಯಾಕೆಂದರೆ ಬ್ರೇಕ್ ಕರಗಿಸಬೇಕಾದ ಚಲನಶಕ್ತಿ ವೇಗದ ವರ್ಗದಂತೆ ಏರುತ್ತದೆ. 14ರಿಂದ 25ಕ್ಕೆ ಹೋದರೆ ಅದು ಮೂರು ಪಟ್ಟಿಗೂ ಹೆಚ್ಚು. ಅಜ್ಜಿಯ ಮುಂದೆ ನಾನು ಹೇಗೆ ನಿಂತೆ ಎಂಬುದು ಈಗಲೂ ನನಗೆ ಸೋಜಿಗ.

ಮೈದಾನದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಗೆರೆಯ ಮೇಲೆ ಮುಂದಿನ ಚಕ್ರ ಬಂದಾಗ ಬ್ರೇಕ್ ಹಿಡಿದು, ನಿಂತಲ್ಲಿ ಇನ್ನೊಂದು ಗೆರೆ ಹಾಕಿ. ಹತ್ತು ಸಲ ಮಾಡಿದರೆ ಎರಡು ಗೆರೆಗಳ ನಡುವಿನ ದೂರ ಕುಗ್ಗುವುದು ಕಣ್ಣಿಗೇ ಕಾಣುತ್ತದೆ. ಗುಟ್ಟು ಇರುವುದು ಮುಂದಿನ ಬ್ರೇಕಿನಲ್ಲಿ. ಬ್ರೇಕ್ ಹಿಡಿದಾಗ ಮೈಯ ಭಾರ ಮುಂದಿನ ಚಕ್ರಕ್ಕೆ ಸರಿಯುತ್ತದೆ, ಹಿಂದಿನದು ಹಗುರಾಗಿ ಸುಮ್ಮನೆ ಜಾರುತ್ತದೆ. ಸೊಂಟವನ್ನು ಹಿಂದಕ್ಕೆ ತಳ್ಳಿ, ತೋಳು ಬಿಗಿಮಾಡಿ, ಮುಂದಿನ ಬ್ರೇಕನ್ನು ನಿಂಬೆಹಣ್ಣು ಹಿಂಡುವ ಹಾಗೆ ಮೆಲ್ಲನೆ ಶುರುಮಾಡಿ ಗಟ್ಟಿಯಾಗಿ ಒತ್ತಿ. ಒಮ್ಮೆಲೇ ಎಳೆದರೆ ಹ್ಯಾಂಡಲ್ ಮೇಲಿಂದ ಹಾರುತ್ತೀರಿ. ಮುಂದಿನ ಬ್ರೇಕ್ ಯಾವ ಕೈಗೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ಬಲಗೈ, ಅಮೆರಿಕದಲ್ಲಿ ಸಾಮಾನ್ಯವಾಗಿ ಎಡಗೈ. ಬೇರೆಯವರ ಸೈಕಲ್ ಹತ್ತುವಾಗ ಮೊದಲು ಇದನ್ನು ನೋಡಿ.

ಹೊಸ ಡಿಸ್ಕ್ ಬ್ರೇಕ್ ಮೊದಲ ದಿನವೇ ಹಿಡಿಯುವುದಿಲ್ಲ, ಪ್ಯಾಡ್ ಮತ್ತು ತಟ್ಟೆ ಒಂದಕ್ಕೊಂದು ಪಳಗಬೇಕು. ಹಿತವಾದ ವೇಗದಿಂದ ಇಪ್ಪತ್ತು ಮೂವತ್ತು ಸಲ ಗಟ್ಟಿಯಾಗಿ ಬ್ರೇಕ್ ಹಿಡಿದರೆ ಆಗುತ್ತದೆ.

ಜನರ ನಡುವೆ

ಇದಕ್ಕಾಗಿಯೇ ನಾನು ಬರೆಯಲು ಕುಳಿತದ್ದು.

ನಡೆಯುವವರು ಮತ್ತು ಸೈಕಲ್‌ನವರು ಹಂಚಿಕೊಳ್ಳುವ ದಾರಿಯಲ್ಲಿ ಗಂಟೆಯನ್ನು ಮೂರು ಮೀಟರ್ ಹತ್ತಿರ ಬಂದು ಬಾರಿಸುವವರಿದ್ದಾರೆ. ಅದು ಸೂಚನೆಯಲ್ಲ, ಹೆದರಿಕೆ. ಬೆಚ್ಚಿದವರು ಯಾವ ಕಡೆಗೆ ಹಾರುತ್ತಾರೋ ಅವರಿಗೇ ತಿಳಿಯದು, ಹೆಚ್ಚಿನ ಸಲ ನಿಮ್ಮ ಕಡೆಗೇ. ಇಪ್ಪತ್ತು ಮೀಟರ್ ದೂರದಲ್ಲೇ ಒಂದು ಸಲ ಬಾರಿಸಿ, ತುಳಿಯುವುದನ್ನು ನಿಲ್ಲಿಸಿ. ಅವರ ತಲೆ ತಿರುಗಿದರೆ ಅಥವಾ ಭುಜ ಒಂದು ಬದಿಗೆ ಸರಿದರೆ ಕೇಳಿಸಿತು ಎಂದರ್ಥ. ಏನೂ ಆಗದಿದ್ದರೆ ಅವರಿಗೆ ಕಿವಿ ಕೇಳಿಸದು, ಇಲ್ಲವೇ ಹಾಡು ಕೇಳುತ್ತಿದ್ದಾರೆ ಎಂದೇ ತಿಳಿಯಿರಿ, ನಡಿಗೆಯ ವೇಗಕ್ಕೆ ಇಳಿಯಿರಿ. ಪಕ್ಕದಲ್ಲಿ ಹಾದುಹೋಗುವಾಗ ಒಂದೂವರೆ ಮೀಟರ್ ಅಂತರ ಬಿಡಿ. ಅಷ್ಟು ಜಾಗವಿಲ್ಲದಿದ್ದರೆ ಹಿಂದೆಯೇ ಹೋಗಿ, ಹೊತ್ತೇನೂ ಮುಳುಗುವುದಿಲ್ಲ.

ನಾಯಿ ಕಂಡರೆ ಮೊದಲು ಹಗ್ಗ ಹುಡುಕಿ. ಒಡೆಯ ದಾರಿಯ ಈ ಬದಿ, ನಾಯಿ ಆ ಬದಿ ಇದ್ದರೆ ನಡುವೆ ಮೊಣಕಾಲೆತ್ತರಕ್ಕೆ ಕಾಣದ ಬೇಲಿಯೊಂದು ಎಳೆದಿರುತ್ತದೆ. ಚೆಂಡು ಉರುಳಿ ಬಂದರೆ ಅದರ ಹಿಂದೆ ಮಗು ಬರುತ್ತದೆ. ಇವೆಲ್ಲ ಮಾಮೂಲಿ ಸೈಕಲ್‌ನವರಿಗೂ ಗೊತ್ತು. ಇ-ಸೈಕಲ್‌ನವರ ತೊಂದರೆ ಏನೆಂದರೆ ನಿಧಾನ ಮಾಡಿದ ಮೇಲೆ ಮತ್ತೆ ವೇಗ ಹಿಡಿಯಲು ಶ್ರಮವಿಲ್ಲ. ಆದರೂ ನಾವು ನಿಧಾನ ಮಾಡುವುದಿಲ್ಲ. ಹಳೆಯ ಸೈಕಲ್‌ನಲ್ಲಿ ವೇಗ ಬೆವರಿನಿಂದ ಗಳಿಸಿದ್ದು, ಬಿಡಲು ಮನಸ್ಸು ಬರುತ್ತಿರಲಿಲ್ಲ ಎನ್ನಬಹುದು. ಈಗ ಆ ನೆಪವೂ ಇಲ್ಲ.

ವಾಹನಗಳ ನಡುವೆ ಅಜ್ಜಿಯ ಜಾಗದಲ್ಲಿ ಕಾರಿನ ಚಾಲಕ ಇರುತ್ತಾನೆ. ಅಡ್ಡರಸ್ತೆಯಿಂದ ಮೂತಿ ಹೊರಹಾಕಿ ನಿಮ್ಮತ್ತ ನೋಡುತ್ತಾನೆ, "ಸೈಕಲ್" ಎಂದುಕೊಂಡು ನುಗ್ಗುತ್ತಾನೆ. ಇಲ್ಲವೇ ನಿಮ್ಮನ್ನು ಹಿಂದೆ ಹಾಕಿ ತಕ್ಷಣ ನಿಮ್ಮ ದಾರಿಗೆ ಅಡ್ಡವಾಗಿ ತಿರುಗುತ್ತಾನೆ, ನೀವು ಹಿಂದೆಯೇ ಉಳಿದಿರಿ ಎಂಬ ನಂಬಿಕೆಯಲ್ಲಿ. ಅವನು ನಿಮ್ಮನ್ನು ನೋಡಿರುತ್ತಾನೆ, ಹಾಗಾಗಿ ಕಣ್ಣಿಗೆ ಕಣ್ಣು ಕೂಡಿದೆ ಎಂಬ ಧೈರ್ಯ ಇಲ್ಲಿ ಸಾಲದು. ಚಾಲಕನ ಮುಖಕ್ಕಿಂತ ಮುಂದಿನ ಚಕ್ರ ನೋಡಿ; ಕಾರು ಹೊರಡುವುದು ಮೊದಲು ಅಲ್ಲಿ ಕಾಣುತ್ತದೆ. ಪ್ರತಿ ಅಡ್ಡರಸ್ತೆಗೂ ತುಳಿಯುವುದು ನಿಲ್ಲಿಸಿ, ಬೆರಳು ಬ್ರೇಕ್ ಮೇಲಿಟ್ಟು 18ಕ್ಕೆ ಇಳಿಯುವುದು ನನ್ನ ಅಭ್ಯಾಸ. ದಿನಕ್ಕೆ ಒಂದೆರಡು ನಿಮಿಷ ಹೆಚ್ಚು ಹಿಡಿಯುತ್ತದೆ.

ನಿಂತ ಕಾರುಗಳ ಸಾಲಿನಿಂದ ಒಂದು ಮೀಟರಿಗಿಂತ ಹೆಚ್ಚು ದೂರ ಇರಿ. ಬಾಗಿಲು ಪೂರ್ತಿ ತೆರೆದರೆ ಅಷ್ಟು ಜಾಗ ತಿನ್ನುತ್ತದೆ. ಲಾರಿ, ಬಸ್ಸುಗಳ ಪಕ್ಕದಲ್ಲಿ ನಿಲ್ಲಲೇಬೇಡಿ. ಅವರ ಕನ್ನಡಿ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುವುದಿಲ್ಲ. ಅವು ಮುಂದೆ ಹೋಗಲಿ.

ಮಳೆಯಲ್ಲಿ ರಸ್ತೆಯ ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳ, ಉದುರಿದ ಎಲೆ, ಮೂರೂ ಸೋಪು. ನನ್ನ ಎರಡನೆಯ ಬೀಳು ಒದ್ದೆ ಕಬ್ಬಿಣದ ಮುಚ್ಚಳದ ಮೇಲೆ ಓರೆಯಾಗಿ ತಿರುಗಿದಾಗ. ಅಂಥ ಕಡೆ ನೆಟ್ಟಗೆ, ತುಳಿಯದೆ, ಬ್ರೇಕ್ ಮುಟ್ಟದೆ ಹಾದುಹೋಗಬೇಕು. ತಿರುಗುವುದಿದ್ದರೆ ಮುಂಚೆ ಅಥವಾ ಆಮೇಲೆ.

ತಲೆ ಮತ್ತು ಬೆಳಕು

ಕಾನೂನು ಹೇಳಲಿ ಬಿಡಲಿ, ಶಿರಸ್ತ್ರಾಣ ಹಾಕಿ. ಹುಬ್ಬಿನ ಮೇಲೆ ಎರಡು ಬೆರಳು, ಗಲ್ಲದ ಪಟ್ಟಿಯ ಕೆಳಗೆ ಒಂದು ಬೆರಳು ಹಿಡಿಸುವಷ್ಟು ಬಿಗಿ. ಹಿಂದಕ್ಕೆ ಸರಿಸಿಕೊಂಡು ಟೋಪಿಯಂತೆ ಹಾಕಿದರೆ ಹಣೆ ಬಯಲು. ಒಮ್ಮೆ ಗಟ್ಟಿಯಾಗಿ ಬಡಿದದ್ದನ್ನು ಬಿರುಕು ಕಾಣದಿದ್ದರೂ ಎಸೆಯಿರಿ, ಒಳಗಿನ ನೊರೆ ಒಮ್ಮೆ ಮಾತ್ರ ಕುಗ್ಗಿ ಕಾಪಾಡುತ್ತದೆ. 45 ಕಿಲೋಮೀಟರ್ ವರ್ಗದ ಸೈಕಲ್‌ನವರಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಎನ್‌ಟಿಎ 8776 ಎಂಬ ಬೇರೆ ಮಾನದಂಡವೇ ಇದೆ.

ಮುಂದೆ ಬಿಳಿ, ಹಿಂದೆ ಕೆಂಪು ದೀಪ, ಹಗಲಲ್ಲೂ ಉರಿಯಲಿ. ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. ಮುಂದಿನ ದೀಪ ಎದುರಿನವರ ಕಣ್ಣಿಗೆ ಹೊಡೆಯದೆ ರಸ್ತೆಗೆ ಬಾಗಿರಬೇಕು. ಹೊಳೆಯುವ ಪಟ್ಟಿಯನ್ನು ಬೆನ್ನಿಗಿಂತ ಮೊದಲು ಕಣಕಾಲಿಗೆ ಕಟ್ಟಿ. ಮೇಲೆ ಕೆಳಗೆ ಆಡುವ ಎರಡು ಬೆಳಕಿನ ಚುಕ್ಕೆ ಕಂಡೊಡನೆ ಚಾಲಕನಿಗೆ ಅದು ಮನುಷ್ಯ ಎಂದು ಹೊಳೆಯುತ್ತದೆ.

ಬ್ಯಾಟರಿ ಮನೆಯೊಳಗಿನ ವಿಷಯ

ರಸ್ತೆಯಲ್ಲಿ ಜಾಗರೂಕರಾಗಿರುವವರೂ ಮನೆಗೆ ಬಂದು ಎಡವುತ್ತಾರೆ. 36 ವೋಲ್ಟ್ ಬ್ಯಾಟರಿಯಲ್ಲಿ ಹತ್ತು ಲೀಥಿಯಂ ಕೋಶಗಳ ಸಾಲು ಇರುತ್ತದೆ, ಪೂರ್ತಿ ತುಂಬಿದಾಗ ಒಂದೊಂದಕ್ಕೆ 4.2 ವೋಲ್ಟ್, ಒಟ್ಟು 42. 48 ವೋಲ್ಟಿನದರಲ್ಲಿ ಹದಿಮೂರು ಇರುತ್ತವೆ, ಒಟ್ಟು 54.6. ತೊಂದರೆ ಏನೆಂದರೆ ಎರಡರ ಚಾರ್ಜರ್‌ಗಳ ಪಿನ್ ಒಂದೇ ಆಕಾರದ್ದಿರಬಹುದು. ನಮ್ಮ ಮನೆಯಲ್ಲಿ ನನ್ನದೂ ಮಗಳದೂ ಎರಡು ಚಾರ್ಜರ್ ಒಂದೇ ಕಪಾಟಿನಲ್ಲಿದ್ದವು. ಒಂದು ರಾತ್ರಿ ಅದಲುಬದಲಾಗಿ ಸಿಕ್ಕಿಸಿದೆ. ಬ್ಯಾಟರಿಯ ಒಳಗಿನ ರಕ್ಷಣಾ ಮಂಡಲ ಕಡಿತ ಮಾಡಿ ಉಳಿಸಿತು. ಮರುದಿನವೇ ಒಂದಕ್ಕೆ ಕೆಂಪು ಟೇಪ್, ಇನ್ನೊಂದಕ್ಕೆ ಹಳದಿ. ಬ್ಯಾಟರಿಗಳಿಗೂ ಅದೇ ಬಣ್ಣ. ಅಗ್ಗದ ಬ್ಯಾಟರಿಗಳಲ್ಲಿ ಆ ರಕ್ಷಣಾ ಮಂಡಲವನ್ನು ನಂಬುವ ಹಾಗಿಲ್ಲ.

ಕೋಶವೊಂದು ಒಳಗೇ ಕೆಟ್ಟು ಬಿಸಿಯಾದರೆ ಆ ಬಿಸಿ ಪಕ್ಕದ ಕೋಶವನ್ನು ಕೆಡಿಸುತ್ತದೆ, ಅದು ಮುಂದಿನದನ್ನು. ಒಮ್ಮೆ ಶುರುವಾದರೆ ಮನೆಯ ಚಿಕ್ಕ ಅಗ್ನಿಶಾಮಕ ಡಬ್ಬಿಗೆ ಬಗ್ಗುವುದಿಲ್ಲ. ಆದ್ದರಿಂದ ಮನೆಯಿಂದ ಹೊರಹೋಗುವ ದಾರಿಯಲ್ಲಿ, ಮೆಟ್ಟಿಲ ಕೆಳಗೆ, ಮುಖ್ಯ ಬಾಗಿಲ ಬಳಿ ಚಾರ್ಜ್ ಮಾಡಬೇಡಿ. ಬೆಂಕಿ ಹತ್ತಿದರೆ ನೀವು ಓಡಬೇಕಾದ ದಾರಿ ಅದು. ಮಲಗಿರುವಾಗ ಬೇಡ, ಮನೆಯಲ್ಲಿ ಯಾರೂ ಇಲ್ಲದಾಗ ಬೇಡ. ಸವಾರಿ ಮುಗಿಸಿ ಬಂದು ಅರ್ಧ ಗಂಟೆ ಆರಲು ಬಿಡಿ. ಹಿಮ ಬೀಳುವ ಊರಿನವರು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು, ಒಳಗೆ ಲೀಥಿಯಂ ಲೋಹವಾಗಿ ಕಟ್ಟಿಕೊಂಡು ಕೋಶವನ್ನು ಹಾಳುಮಾಡುತ್ತದೆ. ತಿಂಗಳುಗಟ್ಟಲೆ ಓಡಿಸುವುದಿಲ್ಲವೆಂದರೆ ಅರ್ಧ ತುಂಬಿಸಿ ತಂಪಾದ ಕಡೆ ಇಡಿ.

ಬ್ಯಾಟರಿ ಉಬ್ಬಿದೆ, ಬಿದ್ದು ಮೈ ಒಡೆದಿದೆ, ನೀರಲ್ಲಿ ಮುಳುಗಿತ್ತು, ವಿಚಿತ್ರ ವಾಸನೆ ಬರುತ್ತಿದೆ ಎಂದರೆ ಮತ್ತೆ ಚಾರ್ಜರ್ ತೋರಿಸಬೇಡಿ. ಸುಡುವ ವಸ್ತುಗಳಿಂದ ದೂರ, ಹೊರಗಿಡಿ, ಬ್ಯಾಟರಿ ಸಂಗ್ರಹಿಸುವವರಿಗೆ ಕೊಡಿ. ಕಸದ ಬುಟ್ಟಿಗೆ ಹಾಕಬೇಡಿ. ಹೊಗೆ ಬರುತ್ತಿದ್ದರೆ ಮುಟ್ಟಬೇಡಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಇಂಥ ಬೆಂಕಿಗಳಿಂದ ಬೇಸತ್ತ ನ್ಯೂಯಾರ್ಕ್ ನಗರ 2023ರಿಂದ ಯುಎಲ್ 2849 ಎಂಬ ವಿದ್ಯುತ್ ಸುರಕ್ಷತೆಯ ಮಾನದಂಡ ಪಾಸಾಗದ ಇ-ಸೈಕಲ್ ಮಾರುವಂತಿಲ್ಲ ಎಂದಿದೆ. ಯುರೋಪಿನಲ್ಲಿ ಇಎನ್ 15194. ಕೊಳ್ಳುವಾಗ ಇವೆರಡರಲ್ಲಿ ಒಂದು ಗುರುತಾದರೂ ಹುಡುಕಿ. ಹಳೆಯ ಕೋಶಗಳನ್ನು ಬಿಚ್ಚಿ ಮರುಜೋಡಿಸಿದ ಬ್ಯಾಟರಿಯನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ನಾನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ.

ಸೈಕಲ್ ತೊಳೆಯುವಾಗ ಒದ್ದೆ ಬಟ್ಟೆ ಸಾಕು, ರಭಸದ ನೀರು ಬೇಡ. ಮಳೆ ಹನಿ ತಾಳುವ ಮೋಟಾರು ಪೈಪಿನ ನೀರು ತಾಳಬೇಕೆಂದಿಲ್ಲ.

ಯಾರಾದರೂ "ಒಂದು ಸುತ್ತು ಕೊಡಿ" ಎಂದರೆ

ಕೊಡುತ್ತೇನೆ, ಆದರೆ ಮೈದಾನದಲ್ಲಿ ಮಾತ್ರ. ಮೊದಲು ಸೀಟು ಅವರ ಎತ್ತರಕ್ಕೆ ಇಳಿಸಿ ಎರಡೂ ಪಾದ ನೆಲ ಮುಟ್ಟುವಂತೆ ಮಾಡುತ್ತೇನೆ. ನೆರವು ಒಂದನೆಯ ಮಟ್ಟಕ್ಕೆ. ಮುಂದಿನ ಬ್ರೇಕ್ ಯಾವುದೆಂದು ಅವರ ಬಾಯಿಂದಲೇ ಹೇಳಿಸುತ್ತೇನೆ. ಮೋಟಾರು ಬಂದ್ ಮಾಡಿ ಒಂದು ಸುತ್ತು, ಇಪ್ಪತ್ತೈದು ಕಿಲೋ ಏನೆಂದು ಕಾಲಿಗೆ ತಿಳಿಯಲಿ ಎಂದು. ಆಮೇಲೆ ಮೋಟಾರು. ಮೊದಲ ತಳ್ಳಿಗೆ ಎಲ್ಲರೂ ಒಂದೇ ಬಗೆಯಲ್ಲಿ ನಗುತ್ತಾರೆ, ಅರವತ್ತರವರೂ ಹದಿನಾರರವರೂ. ಹದಿನಾರರವರು ತಿರುಗಿ ಬಂದು ಕೇಳುವ ಮೊದಲ ಪ್ರಶ್ನೆ ಎರಡನೆಯ ಮಟ್ಟ ಯಾವ ಗುಂಡಿಯಲ್ಲಿದೆ ಎಂದು. ಸೀಮೆಸುಣ್ಣದ ಗೆರೆಯಿಂದ ಆರು ಮೀಟರಿನೊಳಗೆ ಮೂರು ಸಲ ನಿಂತು ತೋರಿಸಿದವರಿಗೆ ಆ ಗುಂಡಿ ತೋರಿಸುತ್ತೇನೆ.